ಮೊರಾಕೊ ಸಿನಿಮಾಕ್ಕೆ ನಾನು ಬರೆದ ಕೊನೆ

ಮೊರಾಕೊ ದೇಶವನ್ನು ನಾನು ಕಂಡಿಲ್ಲ. ಆ ದೇಶದ ಸಿನಿಮಾ ನೋಡಿರುವುದು ಒಂದೇ ಒಂದು, ಅದೂ ಬಹಳ ವರ್ಷ ಅರ್ಧವೇ ಆಗಿ ಉಳಿದಿತ್ತು. ಆದರೂ ತೊಂಬತ್ತರ ದಶಕದ ಸಿಂಗಪುರದಲ್ಲಿ ನಮ್ಮ ಕನ್ನಡ ಸಂಘದವರು ನನ್ನನ್ನು ಕರೆಯುತ್ತಿದ್ದದ್ದು ‘ಮೊರಾಕೊ ಸಾರ್’ ಎಂದು. ಮಕ್ಕಳು ‘ಮೊರಾಕೊ ಅಂಕಲ್’ ಎನ್ನುತ್ತಿದ್ದವು. ಒಬ್ಬರಂತೂ ಅಲ್ಲಿಯ ಕಿತ್ತಳೆ ನಮ್ಮ ಕೊಡಗಿನ ಕಿತ್ತಳೆಯಷ್ಟು ಸಿಹಿಯೇ ಎಂದು ಕೇಳಿದ್ದರು. ನಾನು ಸ್ವಲ್ಪ ಯೋಚಿಸಿ, ‘ಅಷ್ಟಿಲ್ಲ’ ಎಂದಿದ್ದೆ.

ಆಗ ನಾನು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದ ಎಂಜಿನಿಯರ್. ಏನೇನು ಕೆಡಬಹುದು ಎಂದು ಮೊದಲೇ ಊಹಿಸಿ ಪಟ್ಟಿ ಮಾಡುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಇಂಥ ಉದ್ಯೋಗ ನನ್ನಂಥವನಿಗೆ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯವೆಂದೇ ಹೇಳಬೇಕು. ಸಂಜೆ ಕಾರ್ಖಾನೆಯ ಚಿಂತೆ ಮುಗಿಸಿ ಹೊರಟರೆ, ಮನೆಯ ಚಿಂತೆಗಳು ಬಸ್‌ಸ್ಟಾಪಿನಲ್ಲೇ ಕಾದು ನಿಂತಿರುತ್ತಿದ್ದವು.

ನಮ್ಮ ಮನೆ ಬುಕಿತ್ ಪಂಜಾಂಗ್ ಬಡಾವಣೆಯಲ್ಲಿ, ಹನ್ನೊಂದನೇ ಮಹಡಿ. ಇಲ್ಲಿಯ ಫ್ಲ್ಯಾಟುಗಳಲ್ಲಿ ಬಟ್ಟೆ ಒಣಗಿಸುವ ಕ್ರಮವೇ ಬೇರೆ. ಉದ್ದನೆಯ ಬಿದಿರು ಕೋಲಿಗೆ ಒದ್ದೆ ಬಟ್ಟೆ ಹಾಕಿ, ಅಡುಗೆಮನೆಯ ಕಿಟಕಿಯಿಂದ ಹೊರಗೆ ಚಾಚಿ, ಗೋಡೆಯಲ್ಲಿರುವ ಕೊಳವೆಗೆ ಅದರ ಬುಡ ಸಿಕ್ಕಿಸಬೇಕು. ಆಕಾಶದಲ್ಲಿ ನಮ್ಮ ಬನಿಯನ್ನುಗಳು ಬಾವುಟದ ಹಾಗೆ ಹಾರಾಡುತ್ತವೆ. ಕೋಲು ಸರಿಯಾಗಿ ಕೂರದೆ ಕೆಳಗೆ ಬಿದ್ದರೆ ಯಾರ ತಲೆಯಾದರೂ ಒಡೆಯುವುದು ಖಂಡಿತ ಎಂದು ಲಿಫ್ಟಿನ ಪಕ್ಕದಲ್ಲೇ ಎಚ್ಚರಿಕೆಯ ಚೀಟಿ ಅಂಟಿಸಿದ್ದರು. ಅದನ್ನು ದಿನಕ್ಕೆ ಎರಡು ಸಲ ಓದುತ್ತಿದ್ದವನು ಇಡೀ ಬ್ಲಾಕಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಇನ್ನೊಂದು ಚಿಂತೆಯೂ ಆ ದಿನಗಳಲ್ಲಿತ್ತು. ನಮ್ಮ ಬ್ಲಾಕಿನ ಹತ್ತಿರದ ಶಿಶುವಿಹಾರದಲ್ಲಿ ನನ್ನ ಹೆಂಡತಿಗೆ ಕೆಲಸ ಸಿಗುವ ಹಾಗಿತ್ತು. ಅವಳು ಈ ದೇಶದಲ್ಲಿ ಇದ್ದದ್ದು ನನ್ನ ಕೆಲಸದ ಪಾಸಿನ, ಅಂದರೆ ಸರ್ಕಾರ ಕೊಟ್ಟ ಪರವಾನಗಿಯ, ಆಧಾರದ ಮೇಲೆ. ಹಾಗಾಗಿ ಶಿಶುವಿಹಾರದವರು ಗಂಡನ ಸಹಿಯೂ ಬೇಕೆಂದು ಒಂದು ಅರ್ಜಿ ಕೊಟ್ಟಿದ್ದರು. ಅದು ಮೂರು ವಾರದಿಂದ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಬೇಡ ಎಂದು ನಾನು ಹೇಳಿರಲಿಲ್ಲ. ಯೋಚಿಸುತ್ತಿದ್ದೆ. ಮಗಳನ್ನು ಶಾಲೆಯಿಂದ ಕರೆತರುವವರು ಯಾರು? ನನ್ನ ಪಾಸ್ ನವೀಕರಿಸುವಾಗ ಇದರಿಂದ ಏನಾದರೂ ಪ್ರಶ್ನೆ ಬಂದರೆ? ಸಹಿ ಹಾಕುವ ಮೊದಲು ಎಲ್ಲ ದಿಕ್ಕಿನಿಂದ ನೋಡುವುದು ನಮ್ಮ ವಿಭಾಗದ ಅಭ್ಯಾಸ.

ಹೀಗಿರುವಾಗ ಒಂದು ಶನಿವಾರ ಸಹೋದ್ಯೋಗಿಯೊಬ್ಬ, ತನಗೆ ಪುರುಸೊತ್ತಿಲ್ಲವೆಂದು, ಚಿತ್ರೋತ್ಸವದ ಒಂದು ಟಿಕೆಟ್ ನನ್ನ ಕೈಗಿಟ್ಟ. ಮಧ್ಯಾಹ್ನದ ಆಟ. ಮೊರಾಕೊ ಎಂದರೆ ಮರಳು, ಒಂಟೆ, ಕತ್ತಿ ಇರುತ್ತದೆಂದುಕೊಂಡು ಹೋದೆ. ಒಂದೂ ಇರಲಿಲ್ಲ. ಮಳೆ ಸುರಿಯುವ ಒಂದು ನಗರ. ಬಟ್ಟೆ ಹೊಲಿದು ಬದುಕುವ ಒಬ್ಬ ಹೆಂಗಸು, ಅವಳಿಗೊಬ್ಬಳು ಮಗಳು. ಗಂಡ ಕಡಲಾಚೆ ದುಡಿಯಲು ಹೋದವನು ಕಾಗದ ಬರೆಯುವುದನ್ನೂ ನಿಲ್ಲಿಸಿದ್ದಾನೆ. ಇವಳಿಗೆ ಪಾಸ್‌ಪೋರ್ಟ್ ಬೇಕು; ಅದಕ್ಕೆ ಗಂಡನ ಸಹಿ ಬೇಕು. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಅವಳು ನಿಲ್ಲುತ್ತಾಳೆ. ಒಳಗಿನ ಗುಮಾಸ್ತ ಟೀ ಕುಡಿಯುತ್ತಾನೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಅವಳು ನಿಂತೇ ಇದ್ದಾಳೆ.

ಆಗ ನನಗೆ ಬಿದಿರು ಕೋಲಿನ ನೆನಪಾಯಿತು. ಬೆಳಿಗ್ಗೆ ಅದರ ಬುಡವನ್ನು ಪೂರ್ತಿ ಒಳಗೆ ತಳ್ಳಿದ್ದೆನೆ? ‘ಟಕ್’ ಎಂಬ ಸದ್ದು ಕೇಳಿಸಿತ್ತೆ? ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ. ಎದ್ದೆ, ನಾಲ್ಕು ಜನರ ಕಾಲು ತುಳಿದೆ, ಹೊರಗೆ ಬಂದು ಬಸ್ ಹಿಡಿದೆ.

ಬಾಗಿಲು ತೆಗೆದ ಹೆಂಡತಿ ಗಡಿಯಾರ ನೋಡಿದಳು.

“ಏನ್ರೀ, ಸಿನಿಮಾ ಇಷ್ಟು ಬೇಗ ಮುಗೀತಾ?”

“ಕೋಲು... ಕೋಲು ಸರಿ ಇದೆಯಾ?”

“ಕೋಲು ಒಳಗೆ ತಗೊಂಡು ಒಂದು ಗಂಟೆ ಆಯ್ತು. ಬಟ್ಟೆ ಮಡಿಸೂ ಆಯ್ತು. ಕೈಕಾಲು ತೊಳ್ಕೊಂಡು ಬನ್ನಿ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುವಾರ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ನಮ್ಮ ಸಂಘದ ಕಾರ್ಯದರ್ಶಿ ಸಿಕ್ಕರು. ಉಡುಪಿ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ನಮ್ಮ ಜೊತೆ ಅಚ್ಚ ಬೆಂಗಳೂರು ಕನ್ನಡ ಮಾತಾಡುತ್ತಿದ್ದರು. ಅವಸರವಾದಾಗ ಮಾತ್ರ ಊರು ಇಣುಕುತ್ತಿತ್ತು. ರಾಜ್ಯೋತ್ಸವದ ಸಂಚಿಕೆಗೆ ಎರಡು ಪುಟ ಖಾಲಿ ಉಳಿದಿದ್ದವಂತೆ. ಮೊರಾಕೊ ಸಿನಿಮಾ ನೋಡಿದೆ ಎಂದು ನಾನು ಬಾಯಿ ತಪ್ಪಿ ಹೇಳಿದೆ.

“ಅದನ್ನೇ ಬರೀರಿ ಸಾರ್! ಫ್ರೆಶ್ ಆಗಿರುತ್ತೆ. ಆದ್ರೆ ಒಂದು, ಕಥೆ ಪೂರ್ತಿ ಬರ್ಬೇಕು. ಕೊನೇಲಿ ಏನಾಯ್ತು ಅಂತ ಬರೀದಿದ್ರೆ ಮೆಂಬರ್ಸ್ ನನಗೆ ಫೋನ್ ಮಾಡಿ ಪ್ರಾಣ ತೆಗೀತಾರೆ ಮಾರಾಯ್ರೆ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ಸಿನಿಮಾ ವಿಮರ್ಶೆಯೆಂದರೆ ಮುಕ್ಕಾಲು ಪಾಲು ಕಥೆ. ಕೊನೆಯನ್ನು ಮುಚ್ಚಿಟ್ಟರೆ ಓದುಗರಿಗೆ ಊಟಕ್ಕೆ ಕೂರಿಸಿ ಮಜ್ಜಿಗೆ ಬಡಿಸದೆ ಎಬ್ಬಿಸಿದ ಹಾಗೆ. ಅರ್ಧಕ್ಕೇ ಎದ್ದು ಬಂದೆ ಎನ್ನಲು ನಾಚಿಕೆಯಾಯಿತು. ಅಲ್ಲದೆ ಅಷ್ಟು ನೋಡಿದ ಮೇಲೆ ಉಳಿದದ್ದನ್ನು ಊಹಿಸುವುದು ಯಾವ ಮಹಾ ವಿದ್ಯೆ? ನಾನು ಬರೆದೆ: ಅವಳು ಅರ್ಜಿಯನ್ನು ಚೂರುಚೂರು ಮಾಡಿ ಕಿಟಕಿಯೊಳಗೆ ಎಸೆಯುತ್ತಾಳೆ. ಮಗಳ ಕೈ ಹಿಡಿದು ಬಂದರಿನ ಕಡೆ ನಡೆಯುತ್ತಾಳೆ. ಹಡಗು ಸೈರನ್ ಕೂಗುತ್ತದೆ. ಕಡಲಿನ ಮೇಲೆ ಬೆಳಗಾಗುತ್ತದೆ.

ಅಚ್ಚಿಗೆ ಹೋಗುವ ಮುಂಚೆ ಹೆಂಡತಿ ಓದಿದಳು.

“ಪಾಸ್‌ಪೋರ್ಟಿಗೇ ಸಹಿ ಇಲ್ಲ ಅಂತ ನೀವೇ ಬರೆದಿದೀರ. ಹಡಗು ಹೇಗ್ರೀ ಹತ್ತಿದ್ಲು?”

“ಅದು ಸಿನಿಮಾ ಕಣೇ. ಸಾಂಕೇತಿಕ.”

“ಓಹೋ. ನೀವು ಅವತ್ತು ನಾಲ್ಕೂವರೆಗೇ ಮನೇಲಿದ್ರಿ. ಅದೂ ಸಾಂಕೇತಿಕನಾ?”

ಆ ವಾರವೇ ಅವಳ ಅರ್ಜಿಗೂ ಸಹಿ ಹಾಕಿದೆ. ಶಿಶುವಿಹಾರದವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ಹೆಂಡತಿ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಎಲ್ಲೋ ಇಟ್ಟುಕೊಂಡಳು. ಮುಂದೆ ಎರಡು ವರ್ಷ ಬಿಟ್ಟು ಬೇರೊಂದು ಕಡೆ ಕೆಲಸ ಸಿಕ್ಕಿದಾಗ, ಕಾಗದವನ್ನು ನನ್ನ ಇಡ್ಲಿ ತಟ್ಟೆಯ ಪಕ್ಕ ಇಟ್ಟು, ಪೆನ್ನು ಕೈಗೆ ಕೊಟ್ಟು, ಅಲ್ಲೇ ನಿಂತಳು. ಡ್ರಾಯರಿನವರೆಗೆ ಹೋಗಲು ಬಿಡಲಿಲ್ಲ.

ಲೇಖನ ಗೆದ್ದಿತು. ಎಷ್ಟು ಗೆದ್ದಿತೆಂದರೆ, ಪಾಸಿರ್ ರಿಸ್‌ನಲ್ಲಿದ್ದ ಒಬ್ಬ ಮೈಸೂರಿನ ಆಂಟಿ, ಸಂಘದಲ್ಲಿ ಎಲ್ಲರಿಗೂ ಹಿರಿಯರು, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು, “ಆ ಹಡಗಿನ ಸೈರನ್ನು ನನ್ನ ಕಿವೀಲಿ ಇನ್ನೂ ಕೂಗ್ತಾ ಇದೆ ಕಣಪ್ಪ” ಎಂದು ಕಣ್ಣೊರೆಸಿಕೊಂಡರು. ನಾನೂ ಗಂಭೀರವಾಗಿ ತಲೆ ಆಡಿಸಿದೆ. ಅದು ನನ್ನ ಹಡಗು ಎಂದು ಹೇಳಲು ಬಾಯಿಯವರೆಗೆ ಬಂದದ್ದನ್ನು ಹೋಳಿಗೆಯ ಜೊತೆ ನುಂಗಿದೆ.

ಆಮೇಲೆ ಪ್ರತಿ ವರ್ಷ ಆ ಸಿನಿಮಾದ ನಿರ್ದೇಶಕರ ಬಗ್ಗೆ ಎರಡು ಪುಟ ನನ್ನ ಪಾಲಿಗೆ ಮೀಸಲಾದವು. ಹೆದರಿಕೆಯಿಂದಲೇ ಇರಬೇಕು, ಈ ಸಲ ಶ್ರದ್ಧೆಯಿಂದ ಓದಿದೆ. ಗ್ರಂಥಾಲಯದಲ್ಲಿ ಕೂತು ಸಿನಿಮಾ ಪತ್ರಿಕೆಗಳಿಂದ ಅವರ ಜೀವನವನ್ನು ತುಣುಕು ತುಣುಕಾಗಿ ಕೂಡಿಸಿದೆ. ಹೊರದೇಶದಲ್ಲಿ ಸಿನಿಮಾ ಕಲಿತು ಊರಿಗೆ ಮರಳಿದವರು. ಮೊದಲು ಬಂದರಿನ ಹಮಾಲಿಗಳ ಬಗ್ಗೆ, ಮನೆಮನೆಗೆ ಹೋಗಿ ಬಟ್ಟೆ ಒಗೆಯುವ ಹೆಂಗಸರ ಬಗ್ಗೆ ಚಿಕ್ಕ ಚಿತ್ರಗಳನ್ನು ಮಾಡಿದರು. ಅವನ್ನು ಹಮಾಲಿಗಳೂ ನೋಡಲಿಲ್ಲ, ಒಗೆಯುವ ಹೆಂಗಸರೂ ನೋಡಲಿಲ್ಲ, ಯುರೋಪಿನ ಪಂಡಿತರು ನೋಡಿ ಹೊಗಳಿದರು. ಮೊದಲ ದೊಡ್ಡ ಚಿತ್ರ ಒಂದು ವಾರ ಓಡಿತು. ಎರಡನೆಯದು ಡಬ್ಬಿಯಲ್ಲೇ ಬಹಳ ಕಾಲ ಕೂತಿತ್ತು. ಮೂರನೆಯದು ಈ ಕಿಟಕಿಯ ಸಿನಿಮಾ. ಅದಕ್ಕೆ ಮಾತ್ರ ಅವರ ಊರಿನಲ್ಲಿ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಸಾಲುಗಟ್ಟಿದರು. ಯಾರೂ ನೋಡದಿದ್ದಾಗ ಮೆಚ್ಚಿದ ಪಂಡಿತರು, ಎಲ್ಲರೂ ನೋಡತೊಡಗಿದ ಮೇಲೆ, ಈತ ಸ್ವಲ್ಪ ಹಗುರಾದರೇನೋ ಎಂದು ಅನುಮಾನಿಸಿದರು.

ಇಷ್ಟೆಲ್ಲ ಸತ್ಯವನ್ನು ನಾನು ಬರೆದೆ. ಅದು ಯಾರಿಗೂ ನೆನಪಿಲ್ಲ. ಹಡಗು ಮಾತ್ರ ಎಲ್ಲರಿಗೂ ನೆನಪಿತ್ತು.

ಬುಕಿತ್ ಪಂಜಾಂಗಿನಲ್ಲಿ ಎಲ್‌ಆರ್‌ಟಿಯ ಎತ್ತರದ ರೈಲುದಾರಿಯ ಕಂಬಗಳು ಏಳುತ್ತಿದ್ದ ವರ್ಷ, ಒಂದು ಬೆಳಿಗ್ಗೆ ಕಾರ್ಯದರ್ಶಿಯ ಫೋನ್ ಬಂತು.

“ಸಾರ್, ನಿಮ್ಮ ಮೊರಾಕೊ ಡೈರೆಕ್ಟರ್ ಸಿಂಗಪುರಕ್ಕೆ ಬರ್ತಿದಾರೆ! ಚಿತ್ರೋತ್ಸವಕ್ಕೆ! ಅದೇ ಸಿನಿಮಾ ಇನ್ನೊಂದು ಸಲ ತೋರಿಸ್ತಾರಂತೆ. ನಾನು ನಲವತ್ತು ಟಿಕೆಟ್ ಬುಕ್ ಮಾಡಿಬಿಟ್ಟೆ. ಶಾಲು ರೆಡಿ, ಮೈಸೂರು ಪೇಟ ರೆಡಿ. ಸನ್ಮಾನ ನಮ್ಮ ಕಡೆಯಿಂದ. ಆರ್ಗನೈಸರ್ಸ್ ಓಕೆ ಅಂದಿದಾರೆ. ಎಂತ ಸಾರ್, ಮಾತೇ ಇಲ್ಲ?”

“ಖುಷಿಗೆ” ಎಂದೆ.

ಮುಂದಿನ ಎರಡು ವಾರ ನಾನು ಕಾರ್ಖಾನೆಯ ಕ್ರಮದಲ್ಲೇ ಪಟ್ಟಿ ಮಾಡಿದೆ. ವಿಮಾನದಲ್ಲಿ ರೀಲು ಕಳೆದುಹೋಗಬಹುದು. ಪ್ರೊಜೆಕ್ಟರ್ ಕೆಡಬಹುದು. ನನಗೆ ಜ್ವರ ಬರಬಹುದು. ಅಥವಾ, ಯಾರಿಗೆ ಗೊತ್ತು, ಸಿನಿಮಾದ ಕೊನೆಯಲ್ಲಿ ನಿಜವಾಗಿ ಒಂದು ಹಡಗೇ ಇರಬಹುದು. ಜ್ವರದ ಮಾತನ್ನು ಹೆಂಡತಿಯ ಮುಂದೆ ಮೆಲ್ಲಗೆ ತೆಗೆದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

“ತಣ್ಣಗಿದೆ. ಹೋಗೋಣ. ಆ ಹಡಗನ್ನ ನಾನೂ ನೋಡ್ಬೇಕು.”

ಮಗಳು ಟಿವಿಯಿಂದ ಕಣ್ಣು ತೆಗೆಯದೆ, “ಅಪ್ಪಾ, ಜಸ್ಟ್ ಟೆಲ್ ದೆಮ್ ಲಾ” ಎಂದಳು. ಅವಳಿಗೆ ಯಾವಾಗ ಗೊತ್ತಾಯಿತೋ.

ಶನಿವಾರ ಮಧ್ಯಾಹ್ನ. ರೇಷ್ಮೆ ಸೀರೆ, ಮಲ್ಲಿಗೆ, ಜರಿಪಂಚೆಗಳಲ್ಲಿ ನಮ್ಮ ನಲವತ್ತು ಜನ ಬಂದಿಳಿದರು. ನಮ್ಮನ್ನು ಬಿಟ್ಟರೆ ಸಭಾಂಗಣದಲ್ಲಿ ಇನ್ನೊಂದು ಹತ್ತು ಹನ್ನೆರಡು ಮಂದಿ. ನಿರ್ದೇಶಕರು ಬಾಗಿಲ ಬಳಿ ನಿಂತಿದ್ದರು: ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ನಿದ್ದೆಗೆಟ್ಟ ಕಣ್ಣು, ಇಸ್ತ್ರಿಯಿಲ್ಲದ ಕೋಟು. ಸೀರೆಗಳ ಸಾಲು ಕಂಡು ಅವರ ಮುಖ ಬೆಳಗಿತು. ಪಕ್ಕದಲ್ಲಿ ಅವರ ಫ್ರೆಂಚನ್ನು ಇಂಗ್ಲಿಷಿಗೆ ಮಾಡುವ ಯುವತಿ ಇದ್ದಳು. ಕಾರ್ಯದರ್ಶಿ ನನ್ನನ್ನು ಮುಂದೆ ತಳ್ಳಿ, ಇವರು ತಮ್ಮ ಬಗ್ಗೆ ವರ್ಷವರ್ಷವೂ ಬರೆಯುವ ವಿಮರ್ಶಕರು ಎಂದು ಪರಿಚಯಿಸಿದರು. ನಿರ್ದೇಶಕರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ನನ್ನ ಅಂಗೈ ಬೆವರಿದ್ದನ್ನು ಅವರು ಭಕ್ತಿಯೆಂದು ತಿಳಿದಿರಬೇಕು.

ಈ ಸಲ ನಾನು ಎದ್ದು ಹೋಗಲಿಲ್ಲ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಪಾಸಿರ್ ರಿಸ್ ಆಂಟಿ. ಎದ್ದು ಹೋಗಲು ದಾರಿಯೂ ಇರಲಿಲ್ಲ. ಕಿಟಕಿ ಬಂತು. ಅವಳು ನಿಂತಳು. ಗುಮಾಸ್ತ ಟೀ ಕುಡಿದ. ನಾನು ಎದ್ದುಹೋಗಿದ್ದ ಜಾಗ ದಾಟಿತು. ಅಲ್ಲಿಂದ ಮುಂದಕ್ಕೆ ನನಗೂ ಹೊಸದು. ಅವಳು ಮನೆಗೆ ಬಂದಳು, ಹೊಲಿದಳು, ಮರುದಿನ ಮತ್ತೆ ಹೋದಳು. ಪಕ್ಕದ ಮನೆಯವಳೂ ಜೊತೆಗೆ ಬಂದಳು. ಇನ್ನೊಂದು ದಿನ ನಾಲ್ವರಾದರು. ಗುಮಾಸ್ತ ಊಟದ ಹೊತ್ತೆಂದು ಕಿಟಕಿಯ ಬಾಗಿಲು ಎಳೆದುಕೊಂಡ. ಹೆಂಗಸರು ಕಚೇರಿಯ ಮೆಟ್ಟಿಲ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿ ಮುರಿದು ಹಂಚಿಕೊಂಡರು. ಕಿಟಕಿ ತೆಗೆಯುವುದನ್ನು ಕಾಯುತ್ತ ಕೂತೇ ಇದ್ದರು. ಅಷ್ಟೇ. ದೀಪ ಹತ್ತಿತು.

ಹಿಂದಿನ ಸಾಲಿನಿಂದ, “ಹಡಗೆಲ್ಲಿ?” ಎಂದು ಯಾರೋ ಕೇಳಿದರು.

ಕಾರ್ಯದರ್ಶಿ ನನ್ನ ಕಿವಿಗೆ ಬಾಗಿದರು. “ಕಟ್ ಮಾಡಿದಾರೆ ಸಾರ್. ಸೆನ್ಸಾರು. ಅರ್ಜಿ ಹರಿಯೋದು ಇಲ್ಲಿಯ ಸರ್ಕಾರಕ್ಕೆ ಆಗಿಬರಲ್ಲ.”

ಹೇಡಿಯಾದ ನಾನು ತಲೆಯಾಡಿಸಿದೆ. ಒಂದು ಕ್ಷಣ ನನಗೂ ಅದೇ ನಿಜವೆನಿಸಿ ಜೀವ ಬಂತು. ಆದರೆ ಪಕ್ಕದಲ್ಲಿ ಆಂಟಿ ಆಗಲೇ ಎದ್ದು ನಿಂತು ಕೈ ಎತ್ತಿದ್ದರು. ನಿವೃತ್ತ ಶಿಕ್ಷಕಿಯ ಸ್ಪಷ್ಟ ಇಂಗ್ಲಿಷಿನಲ್ಲಿ, ತಮ್ಮ ಚಿತ್ರದ ಕೊನೆಯನ್ನು ಕತ್ತರಿಸಿದ್ದು ಯಾರು, ಇದನ್ನು ತಾವು ಹೇಗೆ ಸಹಿಸಿಕೊಂಡಿರಿ ಎಂದು ಕೇಳಿದರು.

ಯುವತಿ ಫ್ರೆಂಚಿನಲ್ಲಿ ಹೇಳಿದಳು. ನಿರ್ದೇಶಕರು ಹುಬ್ಬು ಗಂಟಿಕ್ಕಿ, ಯಾವ ಕೊನೆ ಎಂದರು. ಆಂಟಿ ನನ್ನ ಲೇಖನವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದರು. ಚೂರಾದ ಅರ್ಜಿ, ಮಗಳ ಕೈ, ಬಂದರು, ಸೈರನ್ನು, ಬೆಳಗು. ನಿರ್ದೇಶಕರು ಕೊನೆಯವರೆಗೂ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು.

“ಪಾಸ್‌ಪೋರ್ಟ್ ಇಲ್ಲದೆ ಅವಳು ಹಡಗು ಹತ್ತಿದ್ದು ಹೇಗೆ ಮೇಡಂ?”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ನಿರ್ದೇಶಕರು ಮುಂದುವರಿಸಿದರು. ತಮ್ಮ ಊರಿನಲ್ಲೂ ಜನ ಇಂಥದ್ದೇ ಕೊನೆ ಕೇಳಿದರಂತೆ. ಅದನ್ನು ಕೊಟ್ಟಿದ್ದರೆ ಚಿತ್ರ ಇನ್ನಷ್ಟು ದಿನ ಓಡುತ್ತಿತ್ತು. ಎಲ್ಲರೂ ಹಡಗು ಹತ್ತಿದ ಸಮಾಧಾನದಲ್ಲಿ ಮನೆಗೆ ಹೋಗಿ ಮಲಗುತ್ತಿದ್ದರು, ಕಿಟಕಿ ಹಾಗೇ ಇರುತ್ತಿತ್ತು. ಹಡಗು ಕೊಡಲಿಲ್ಲವಾದ್ದರಿಂದ ಹೆಂಗಸರು ಈಗ ತಮ್ಮ ಮನೆಗೇ ಬರುತ್ತಾರಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಐದಾರು ಜನ, ಕೈಯಲ್ಲಿ ಕಾಗದಗಳು. ಸಿನಿಮಾ ಮಾಡಿದವರಿಗೆ ಕಾನೂನು ಗೊತ್ತಿರಲೇಬೇಕು ಎಂಬ ನಂಬಿಕೆ. “ನನ್ನ ಜನಪ್ರಿಯತೆ ಅಂದರೆ ಇದು. ಕಿಟಕಿಯ ಬಗ್ಗೆ ಸಿನಿಮಾ ಮಾಡಿದೆ, ನಾನೇ ಕಿಟಕಿಯಾದೆ. ಎರಡು ವರ್ಷವಾಯಿತು, ಮುಂದಿನ ಚಿತ್ರ ಬರೆಯಲು ಕೂತಿಲ್ಲ. ಅರ್ಜಿಗಳನ್ನು ಬರೆದುಕೊಡುತ್ತಿದ್ದೇನೆ.” ಎಲ್ಲರೂ ನಕ್ಕರು. ಅವರೂ ನಕ್ಕರು, ಆದರೆ ಕಣ್ಣಿನ ಕೆಳಗಿನ ಕಪ್ಪು ನಗಲಿಲ್ಲ.

“ಆದರೆ ಆ ಹಡಗನ್ನು ನೀವು ಎಲ್ಲಿ ನೋಡಿದಿರಿ?”

ಆಂಟಿ ತಿರುಗಿ ನನ್ನನ್ನು ನೋಡಿದರು. ನಲವತ್ತು ತಲೆಗಳು ತಿರುಗಿದವು. ಹೆಂಡತಿ ನನ್ನ ಮೊಣಕೈಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿದಳು. ನಾನು ನಿಂತೆ. ಅರ್ಧಕ್ಕೆ ಎದ್ದು ಹೋಗಿದ್ದೆ, ಕೊನೆಯನ್ನು ನಾನೇ ಬರೆದೆ ಎಂದೆ. ಕಾರಣವನ್ನೂ ಹೇಳಿಬಿಡೋಣ, ಮರ್ಯಾದೆ ಒಂದಿಷ್ಟು ಉಳಿಯಬಹುದು ಎನಿಸಿ, ಬಟ್ಟೆ ಒಣಗಿಸುವ ಕೋಲಿನ ವಿಷಯವನ್ನು ಕೊಳವೆಯ ಅಳತೆ ಸಮೇತ ವಿವರಿಸಿದೆ. ಯುವತಿ ಅದನ್ನು ಫ್ರೆಂಚಿಗೆ ಮಾಡಲು ಬಹಳ ಹೊತ್ತು ತೆಗೆದುಕೊಂಡಳು.

ಯಾವ ದೃಶ್ಯದಲ್ಲಿ ಎದ್ದಿರಿ ಎಂದು ನಿರ್ದೇಶಕರು ಕೇಳಿದರು. ಕಿಟಕಿಯ ಮುಂದೆ ಅವಳು ನಿಂತಾಗ ಎಂದೆ.

ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. “ನಮ್ಮ ಊರಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು ಎಣಿಸುತ್ತಿದ್ದೆ. ಆ ದೃಶ್ಯ ಬಂದಾಗ ಗಂಡಸರು ಏಳುತ್ತಿದ್ದರು. ಕೇಳಿದರೆ, ಸಿಗರೇಟು ಸೇದಬೇಕಿತ್ತು ಎನ್ನುತ್ತಿದ್ದರು. ಬಟ್ಟೆಯ ಕೋಲು, ಇದೇ ಮೊದಲು ಕೇಳಿದ್ದು.”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕೋಲಿನ ಮಾತು ನಿಜ ಎಂದು ನಾನು ಹೇಳುತ್ತಲೇ ಇದ್ದೆ. ಯಾರೂ ನಂಬಲಿಲ್ಲ. ಜೀವಮಾನದಲ್ಲಿ ಬರೆದ ಒಂದೇ ಸುಳ್ಳನ್ನು ಇಷ್ಟು ವರ್ಷ ನಂಬಿದವರು, ಸತ್ಯ ಹೇಳಿದ ದಿನ ಕೈಬಿಟ್ಟರು.

ಸನ್ಮಾನ ಸಾಂಗವಾಗಿ ನಡೆಯಿತು. ಪೇಟ ನಿರ್ದೇಶಕರ ತಲೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಕಟ್ಟಡ ಬಿಡುವವರೆಗೂ ಅದನ್ನು ತೆಗೆಯಬಾರದೆಂದು ತಿಳಿದು, ಚಹಾ ಕುಡಿಯುವಾಗಲೂ ಹಾಗೇ ಇದ್ದರು. ನನ್ನ ಬಳಿ ಬಂದು, ನಿಮ್ಮ ಹಡಗು ಬಹಳ ಚೆನ್ನಾಗಿದೆ, ಯಾರಿಗಾದರೂ ಮಾರಿಬಿಡಿ ಎಂದರು. ನಾನು ಕಾರ್ಯದರ್ಶಿಯನ್ನು ಮೂಲೆಗೆ ಕರೆದು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕು ಎಂದೆ.

“ಎಂತಕ್ಕೆ ಸಾರ್? ಡೈರೆಕ್ಟರ್ ತಪ್ಪಿಗೆ ನೀವು ಯಾಕೆ ಕ್ಷಮೆ ಕೇಳ್ತೀರಿ?”

“ನಿನ್ನ ಕೊನೇನೇ ಚೆನ್ನಾಗಿತ್ತು ಬಿಡಪ್ಪ. ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನೋದು ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ?” ಎಂದರು ಆಂಟಿ. ಆದರೆ ಹೊರಡುವ ಮೊದಲು ಅವರು ನನ್ನ ಹೆಂಡತಿಯ ಕೈ ಹಿಡಿದುಕೊಂಡು ನಿಂತಿದ್ದರು.

ಮನೆಗೆ ಹೋಗುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು. ನನ್ನ ಕಡೆ ತಿರುಗದೆಯೇ ಹೇಳಿದಳು:

“ಆ ಕಿಟಕಿ ಸೀನು ಎಷ್ಟು ಹೊತ್ತು ಅಂತ ವಾಚ್ ನೋಡ್ದೆ. ನಾಲ್ಕು ನಿಮಿಷಾನೂ ಇಲ್ಲ.”

“ಹೌದಾ? ತುಂಬಾ ಉದ್ದ ಅನ್ನಿಸ್ತು.”

“ನಿಮ್ಮ ಸಹಿಗೆ ನಾನು ಐದು ವಾರ ನಿಂತಿದ್ದೆ.”

ಕೋಲಿನ ಚಿಂತೆ ಅವತ್ತು ನಿಜವಾಗಿಯೂ ಇತ್ತು ಎಂದೆ. ಗೊತ್ತು ಎಂದಳು, ಅದಕ್ಕೇ ನಾನು ಅರ್ಧಕ್ಕೆ ಎದ್ದು ಬಂದದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಲಿಲ್ಲವಂತೆ. ಬಸ್ಸು ಎಲ್‌ಆರ್‌ಟಿ ಕಂಬಗಳ ಧೂಳಿನ ನಡುವೆ ನಿಧಾನಕ್ಕೆ ತೆವಳಿತು.

ಸಂಚಿಕೆಯವರು ಬೇಡವೆಂದ ತಿದ್ದುಪಡಿ ಇದು. ಬರೆದು ಮುಗಿಸಿ ಮೊದಲು ಅವಳಿಗೇ ಕೊಟ್ಟೆ. ಓದಿದಳು. ಒಂದೇ ಕಡೆ ಬೆರಳಿಟ್ಟಳು: ‘ಆಗ ನನಗೆ ಬಿದಿರು ಕೋಲಿನ ನೆನಪಾಯಿತು.’

“ಮೊದಲು ನೆನಪಾಗಿದ್ದು ಕೋಲೇನಾ?”

ನಾನು ಯೋಚಿಸಿದೆ. ಈ ಸಲ ಐದು ವಾರ ಬೇಕಾಗಲಿಲ್ಲ. “ಅಲ್ಲ. ಡ್ರಾಯರು. ಕೋಲು ಆಮೇಲೆ.”

“ಅದನ್ನೂ ಬರೀರಿ” ಎಂದು ಎದ್ದು ಅಡುಗೆಮನೆಗೆ ಹೋದಳು. ಹೊರಗೆ ಮಳೆ ಬರುವ ಹಾಗಿತ್ತು. ಬಟ್ಟೆ ಒಳಗೆ ಎಳೆದುಕೊಳ್ಳಲು ಸಹಾಯಕ್ಕೆಂದು ನಾನೂ ಹಿಂದೆಯೇ ಹೋದೆ. ಒಂದು ಕೋಲು ಹಿಡಿಯೋದಕ್ಕೆ ಇಬ್ಬರು ಬೇಡ, ಹೋಗಿ ಬರೀರಿ ಎಂದಳು.